ಗುಬ್ಬಿಯನ್ನು ಯಾರ ಕೈಗೆ ಒಪ್ಪಿಸುವುದು

ರೀ,

ಬೇಕರಿ ಕೆಲಸಕ್ಕೆ ಹೊರಟೆ. ಗುಬ್ಬಿ ಮಲಗಿದ್ದಾಳೆ, ಎಬ್ಬಿಸಬೇಡಿ. ಎದ್ದ ಮೇಲೆ ಕೆಮ್ಮಿನ ಔಷಧಿ ಕುಡಿಸಿ. ಮುಖ ಕಿವುಚಿದಳೆಂದು ಮೊನ್ನೆಯಂತೆ ಬಿಟ್ಟುಬಿಡಬೇಡಿ.

ಹತ್ತು ಗಂಟೆಗೆ ವಕೀಲರು ನಮ್ಮ ಉಯಿಲು ತರುತ್ತಾರೆ. ನಮಗಿಬ್ಬರಿಗೂ ಏನಾದರೂ ಆದರೆ ಗುಬ್ಬಿಯನ್ನು ಸಾಕುವವರು ಯಾರು ಎಂಬಲ್ಲಿ ನಮ್ಮಕ್ಕನ ಹೆಸರು ಬರೆಸಿ. ನಿಮ್ಮ ತಮ್ಮ ಒಳ್ಳೆಯವನೇ, ಆದರೆ ಅವನನ್ನೇ ಇನ್ನೊಬ್ಬರು ನೋಡಿಕೊಳ್ಳಬೇಕು.

"ಮಾತೇ ಬಿಟ್ಟವಳ ಕೈಗೆ ಮಗು ಕೊಡ್ತೀಯಾ?" ಎಂದು ನಿನ್ನೆ ಕೇಳಿದಿರಿ. ಅಪ್ಪ ಉಯಿಲು ಬರೆಯದೆ ಹೋದರು, ಮನೆಯ ಪಾಲಿಗಾಗಿ ನಾವಿಬ್ಬರೂ ದೂರವಾದೆವು, ನಿಜ. ಆದರೆ ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡವಳು ಅವಳೇ. ಅವಳ ದನಿ ಕೇಳಬೇಕೆನಿಸಿ ನಂಬರು ಒತ್ತಿ, ರಿಂಗಾಗುವ ಮೊದಲೇ ಎಷ್ಟು ಸಲ ಇಟ್ಟುಬಿಟ್ಟಿದ್ದೇನೋ.

ಹೆಸರು ಹಾಕಲು ಸಾಕುವವರ ಒಪ್ಪಿಗೆ ಬೇಕು ಎಂದು ವಕೀಲರು ಹೇಳಿದ್ದರಲ್ಲ, ಅದೇ ನೆಪ ಸಾಕಾಯಿತು. ರಾತ್ರಿ ನೀವು ಮಲಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ವಿಷಯ ಕೇಳಿದವಳೇ, "ಬಿಡ್ತು ಅನ್ನು! ಹಾಗೇನೂ ಆಗಲ್ಲ. ಮಗು ಯಾರ ಥರ ಇದೆ?" ಅಂದಳು. "ಬಂದು ನೀನೇ ನೋಡೇ" ಅಂದೆ.

ಬರುತ್ತಾಳಂತೆ, ವಕೀಲರು ಬರುವ ಹೊತ್ತಿಗೆ. ನನಗೋ ರಜೆ ಸಿಗಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಬೇಡಿ. ಗುಬ್ಬಿಯನ್ನು ಎತ್ತಿ ಅವಳ ಕೈಗೆ ಕೊಡಿ. ಕೆಲಸ ಮುಗಿಯಿತು, ಹೊರಡುತ್ತೇನೆ ಅಂದರೆ ಅವಳ ಚಪ್ಪಲಿ ಬಚ್ಚಿಟ್ಟಾದರೂ ಸರಿ, ನಾನು ಬರುವವರೆಗೆ ಉಳಿಸಿಕೊಳ್ಳಿ.