ಮೀಸೆಯಲ್ಲೇ ನಕ್ಕಿದ್ದಕ್ಕೆ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೇನೆ. ಹಿಂದಿನ ಕಾರ್ಡಿನ ಮೇಲೆ ಕಾಫಿ ಚೆಲ್ಲಿಬಿಟ್ಟೆ. ವಯೋಮಿಂಗಿನ ಈ ಬೋಳುಗುಡ್ಡದಲ್ಲಿ ನಮ್ಮ ಪಾಯಿಂಟ್ ಟೂ ಟೂ ರೈಫಲ್ ಪಂದ್ಯ ಈಗಷ್ಟೇ ಮುಗಿಯಿತು. ಟ್ರ್ಯಾಕ್ಟರ್ ಟೈರಿಗೆ ಒರಗಿ, ಏಣಿಗೆ ಜೋತುಬಿದ್ದು, ಇಡೀ ದಿನ ಗುರಿಗೆ ನೆಟ್ಟ ಕಬ್ಬಿಣದ ಬಿಲ್ಲೆಗಳನ್ನು ಟಣ್ ಅನ್ನಿಸಿದ್ದೇ ಅನ್ನಿಸಿದ್ದು. ಕೊನೆಯ ಸುತ್ತಿಗೆ ಬರುವಾಗ ನಾನೂ ಸ್ಕೂಲ್ ಬಸ್ ಓಡಿಸುವ ಮಾರ್ಲಿಸ್ ಅಜ್ಜಿಯೂ ಸಮಸಮ. ಗೆದ್ದರೆ ಅವಳ ಪೀಚ್ ಹಣ್ಣಿನ ಪೈ ಇಡಿಯಾಗಿ ನನಗೆ, ಸೋತರೆ ನನ್ನ ಮೀಸೆ ಅವಳ ಕ್ಷೌರದ ಕತ್ತಿಗೆ ಎಂದು ಪಣ ಕಟ್ಟಿದ್ದೆವು.

ದೂರದ ಬಿಲ್ಲೆಗೆಂದು ಏರಿಸಿದ, ರೈಫಲ್ ಮೇಲಿನ ದುರ್ಬೀನಿನ ತಿರುಪನ್ನು ಹತ್ತಿರದ ಬಿಲ್ಲೆಗೆ ಹೊಡೆಯುವ ಮುಂಚೆ ಇಳಿಸಬೇಕು, ಇಲ್ಲದಿದ್ದರೆ ಗುಂಡು ಮೇಲೆ ಹಾರುತ್ತದೆ. ಮರೆತವರಿಗೆ ಜೊತೆಯವರು ನೆನಪಿಸುವುದು ನಮ್ಮಲ್ಲಿ ಪದ್ಧತಿ. ಹತ್ತಿರದ ಬಿಲ್ಲೆಯ ಈ ಕೊನೆಯ ಸುತ್ತಿನಲ್ಲಿ ಮಾರ್ಲಿಸ್ ಮರೆತಿದ್ದಳು. ನಾನು ತುಟಿ ಬಿಚ್ಚಲಿಲ್ಲ. ಎಂಟು ಗುಂಡು ಬಿಲ್ಲೆಯ ತಲೆಯ ಮೇಲೆ ಹಾರಿದ ಮೇಲೆ ಅವಳಿಗೆ ಹೊಳೆಯಿತು, ಉಳಿದ ಎರಡನ್ನೂ ಹೊಡೆದಳು. ಹತ್ತರಲ್ಲಿ ನನಗೆ ಮೂರು ಬಿದ್ದರೆ ಸಾಕಿತ್ತು. ಕುಣಿಯುತ್ತಾ ಏಣಿ ಹತ್ತಿದೆ. ಹತ್ತೂ ಗುಂಡು ಆಕಾಶಕ್ಕೆ! ಆ ಖುಷಿಯಲ್ಲಿ ನನ್ನ ತಿರುಪನ್ನೂ ಇಳಿಸಿರಲಿಲ್ಲ.

"ನಿನ್ನ ತಿರುಪು ನೋಡ್ದೆ ಕಣೋ ವೆಂಡೆಲ್, ಹೇಳೋಣ ಅಂತಾನೂ ಬಾಯಿ ತೆಗ್ದೆ," ಅಂದಳು ಅಜ್ಜಿ. "ಆದ್ರೆ ನಾನು ತಪ್ಪಿದಾಗ ನೀನು ಮೀಸೇಲೇ ನಕ್ಕೆಯಲ್ಲ, ಅದು ನೆನಪಾಯ್ತು."

ಮಂಡಿನೋವು ಕಡಿಮೆ, ನೀನು ಕೊಟ್ಟ ಮುಲಾಮು ಮುಗಿಯಿತು. ಭಾನುವಾರ ಬಾಗಿಲಲ್ಲಿ ಗುರುತಿಲ್ಲದವನು ನಿಂತಿದ್ದರೆ ನಾಯಿ ಬಿಡಬೇಡ, ಅದು ನಾನೇ.

"ಬರ್ತೀಯೇನೋ? ಸೋಪಿನ ನೊರೆ ಆರಿಹೋಗ್ತಿದೆ!" ಅಂತ ಮಾರ್ಲಿಸ್ ಕರೆಯುತ್ತಿದ್ದಾಳೆ. ಹೊರಟೆ.

ವೆಂಡೆಲ್