ಅಂಟು ಹಚ್ಚದ ಮೂಲೆ

ಬೀದರ್,
ಗಾಳಿಹಾಳೆ ಆರಿದ ಎಪ್ಪತ್ತೊಂದನೆಯ ವರ್ಷ, ಎರಡನೆಯ ಬೇಸಿಗೆಯ ನಡುಭಾಗ

ರತ್ನಾಬಾಯಿಗೆ,

ಈ ತಾರೀಖು ನಿನಗೆ ತಿಳಿಯುವಂಥದಲ್ಲ. ಮುಂದೆ ಬರುವ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸು; ಅವು ನಿನ್ನ ಕಾಲಕ್ಕೆ ಇನ್ನೂ ಹುಟ್ಟಿಲ್ಲ. ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆ ಸಂಬಂಧಕ್ಕೆ ನಿನ್ನನ್ನು ಆಯಿ ಎಂದು ಕರೆದು ನೀವು ಎಂದು ಬರೆಯಬೇಕು. ಆದರೆ ನಿನ್ನ ಬಗ್ಗೆ ನನಗೆ ಗೊತ್ತಿರುವುದು ನಿನ್ನ ತಗಡಿನ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುವಷ್ಟೇ: ‘ಕು. ರತ್ನಾಬಾಯಿ, ೯ನೇ ತರಗತಿ, ಬಾಲಕಿಯರ ಹಾಸ್ಟೆಲ್.’ ನನಗೀಗ ಹತ್ತೊಂಬತ್ತು. ಒಂಬತ್ತನೇ ತರಗತಿಯ ಹುಡುಗಿಗೆ ನೀವು ಎಂದು ಬರೆಯಲು ಕೈ ಬರುತ್ತಿಲ್ಲ. ನನ್ನ ಹೆಸರು ಜಗದೇವಿ.

ನಿನ್ನ ಕಾಲದವರು ಬರೆದದ್ದನ್ನೆಲ್ಲ ಎಲ್ಲೋ ದೂರದ ಯಂತ್ರಗಳಲ್ಲಿ ಇಟ್ಟು, ಬೇಕೆಂದಾಗ ಗಾಜಿನ ಮೇಲೆ ತರಿಸಿಕೊಂಡು ಓದುತ್ತಿದ್ದರಂತೆ. ಅದನ್ನು ನಾವು ಗಾಳಿಹಾಳೆ ಎನ್ನುತ್ತೇವೆ. ನನ್ನ ಅಜ್ಜಿ ಇನ್ನೂ ಹುಡುಗಿಯಾಗಿದ್ದಾಗ, ಮುಗಿಯದ ಒಂದು ಬೇಸಿಗೆಯಲ್ಲಿ, ಆ ಯಂತ್ರಗಳು ಕಾದು ಕಾದು ಆರಿಹೋದವು. ಆಗ ಜನ ಕಪಾಟುಗಳ ಕಡೆ ಓಡಿದರು. ಕಪಾಟುಗಳು ಖಾಲಿಯಾಗಿದ್ದವು. ಒಳ್ಳೆಯ ಪುಸ್ತಕಗಳನ್ನೇ ಮೊದಲು ಗಾಳಿಗೆ ಏರಿಸಿ, ಅವುಗಳ ಕಾಗದವನ್ನೇ ಮೊದಲು ರದ್ದಿಗೆ ಹಾಕಿದ್ದರು. ಉಳಿದದ್ದು ಯಾರೂ ಏರಿಸುವ ತೊಂದರೆ ತೆಗೆದುಕೊಳ್ಳದ ಕಾಗದ: ಗೋಡೆಗೆ ಹಚ್ಚಿದ್ದು, ಅಡುಗೆಮನೆಯ ಹಲಗೆಗೆ ಹಾಸಿದ್ದು, ತುಕ್ಕು ಬಟ್ಟೆಗೆ ಹತ್ತದಿರಲೆಂದು ಟ್ರಂಕಿನೊಳಗೆ ಅಂಟಿಸಿದ್ದು. ನನ್ನ ಊರಿನವರು ಇಂಥದ್ದನ್ನು ಓದಿಯೇ ಅಕ್ಷರ ಕಲಿತದ್ದು. ನಾನು ಓದಿ ಬೆಳೆದದ್ದೂ ಬರೀ ಕರಪತ್ರಗಳನ್ನು. ಇಲಿಪಾಷಾಣದ್ದು, ಟ್ಯೂಷನ್ ಕ್ಲಾಸಿನದು, ಚುನಾವಣೆಯವು, ಮುಷ್ಕರದವು. ಮುಷ್ಕರದವುಗಳನ್ನು ಓದುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಸತ್ತುಹೋದ ಜನ ಇಷ್ಟು ಗಟ್ಟಿಯಾಗಿ ಕೇಳುತ್ತಿರುವಾಗ ಬದುಕಿರುವ ನಾವು ಸುಮ್ಮನೆ ಕೂತಿರುವುದು ಹೇಗೆ ಎನಿಸುತ್ತಿತ್ತು.

ಅವೆಲ್ಲಕ್ಕಿಂತ ದೊಡ್ಡದು ನಿನ್ನ ಮುಚ್ಚಳದ ಒಳಬದಿಯಲ್ಲಿದ್ದ ಕರಪತ್ರ. ಟ್ರಂಕಿನ ತಳ ತೂತಾದ ಮೇಲೆ ಅಜ್ಜಿ ಮುಚ್ಚಳವನ್ನು ಕಿತ್ತು ಗೋಡೆಗೆ ತೂಗುಹಾಕಿದ್ದಳು. ‘ಊರಿಗೊಂದು ವಾಚನಾಲಯ ಬೇಕು. ಬೀಗವಿಲ್ಲದ ವಾಚನಾಲಯ ಬೇಕು. ಹೆಣ್ಣುಮಕ್ಕಳು ಸಂಜೆಯ ತನಕ ಕೂರಬಹುದಾದ ವಾಚನಾಲಯ ಬೇಕು.’ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಪ್ರತಿಗಳು: ೫೦೦೦.’ ನನ್ನ ಮೊದಲ ಅಕ್ಷರ ಆ ‘ಊ’. ನಮ್ಮ ನೆರಳುಬೀದಿಯಲ್ಲಿ, ಅಂದರೆ ಬಿಸಿಲು ತಾಗದಂತೆ ಮನೆಯಿಂದ ಮನೆಗೆ ಬಟ್ಟೆ ಕಟ್ಟಿದ ಓಣಿಯಲ್ಲಿ, ದಿನಾ ಬೆಳಗಿನ ಸಂತೆಯ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಜೋಳ ಕೊಳ್ಳಲು ಬಂದವರು ನಕ್ಕು ಮುಂದೆ ಹೋಗುತ್ತಿದ್ದರು. ನಗುವವರಿಗಾಗಿಯೇ ಎರಡು ಸಲ ಓದುತ್ತಿದ್ದೆ.

ಬೀದರಿನಲ್ಲಿ ಒಂದು ಬಿಡಿಸುಮನೆ ಇದೆ. ನಿಮ್ಮ ವಾಚನಾಲಯಕ್ಕೆ ನಮ್ಮ ಹೆಸರು ಅದು. ಇಲ್ಲಿಯ ಮುಖ್ಯ ಕೆಲಸ ಅಂಟಿಕೊಂಡ ಹಾಳೆಗಳನ್ನು ಬಿಡಿಸುವುದು. ಅಲ್ಲಿ ಸೇರಬೇಕಾದರೆ ಆರು ತಿಂಗಳ ಕೈಗಲಿಕೆ ಆಗಬೇಕು. ಇದನ್ನೇ ನೀವು ಇಂಟರ್ನ್‌ಶಿಪ್ ಎನ್ನುತ್ತಿದ್ದಿರಿ ಎಂದು ಟ್ಯೂಷನ್ ಕರಪತ್ರದಿಂದ ತಿಳಿದುಕೊಂಡಿದ್ದೇನೆ. ಕೈಗಲಿಕೆಗೆ ಒಬ್ಬ ಉಸ್ತಾದ್ ಒಪ್ಪಬೇಕು. ಈ ಸೀಮೆಯಲ್ಲಿ ಉಳಿದಿರುವ ಉಸ್ತಾದ್ ಒಬ್ಬರೇ, ತಾಹೇರಾಬಾಯಿ. ಅವರು ಒಪ್ಪದಿದ್ದರೆ ನನಗೆ ಊರಿನ ಉಪ್ಪಿನ ಗೋದಾಮು ಕಾಯುವ ಕೆಲಸ ನಿಗದಿಯಾಗಿತ್ತು. ಬಿಸಿಲುಗಾಡಿಯವನ ಕೈಯಲ್ಲಿ ಹೇಳಿಕಳಿಸಿದೆ. ‘ಕಾಗದ ಏನಿದ್ದರೂ ತಗೊಂಡು ಬರಾಕ ಹೇಳು’ ಎಂದು ಉತ್ತರ ಬಂತು.

ಬಿಸಿಲಿರುವ ತನಕ ಓಡಿ, ಹೊತ್ತು ಮುಳುಗಿದಲ್ಲಿ ನಿಂತುಬಿಡುವ ಗಾಡಿ ಅದು. ಮುಚ್ಚಳವನ್ನು ಎದೆಗೊತ್ತಿಕೊಂಡು ಕೂತಿದ್ದೆ. ಎದುರಿಗಿದ್ದ ಮುದುಕ, “ಏನವ್ವಾ, ಮುಚ್ಚಳ ಒಂದೇ ಹೊಂಟದ, ಪೆಟಗಿ ಮುನಿಸ್ಕೊಂಡದೇನು?” ಎಂದ. ಗಾಡಿಯೆಲ್ಲ ನಕ್ಕಿತು. ನಾನು ಅವರಿಗೂ ಕರಪತ್ರ ಓದಿಸಿದೆ.

ತಾಹೇರಾಬಾಯಿ ಕೆಂಪು ಕಲ್ಲಿನ ಉದ್ದನೆಯ ಪಡಸಾಲೆಯಲ್ಲಿ ಕೂತಿದ್ದರು. ಎಷ್ಟೋ ವರ್ಷ ಹಬೆಯಲ್ಲಿ ಕೆಲಸ ಮಾಡಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ನಿಂತೇ ಶುರು ಮಾಡಿದೆ.

“ಬಾಯಾರ, ನಿಮ್ಮ ಕೈತೆಳಗ ಕಲೀಬೇಕಂತ ಬಂದೀನಿ. ಆದರ ಮೊದಲ ಒಂದು ಬೇಡಿಕಿ ಅದ. ಈ ಮನಿ ಬೀಗ ತೆಗೀಬೇಕು.”

ಅವರು ಸುತ್ತ ನೋಡಿದರು. “ಬೀಗ ಎಲ್ಲದ, ತೋರ್ಸು ಬೇಟಾ. ಈ ಮನಿಗಿ ಬಾಗಲೇ ಇಲ್ಲ. ಗೆದ್ದಲ ತಿಂದು ಹೋಯ್ತು.”

“ಇದ್ದಿದ್ದರ ತೆಗೀಬೇಕಿತ್ತು.”

“ಆಯ್ತು, ಅದು ಈಡೇರ್ತು ಅಂತ ತಿಳ್ಕೊ. ಎರಡನೇದು ಹೇಳು.”

ಎರಡನೆಯದು ನನಗೆ ನೆನಪಾಗಲಿಲ್ಲ. ಅವರು ಮುಚ್ಚಳವನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಒದ್ದೆ ಬಟ್ಟೆಯನ್ನು ಒಮ್ಮೆ ಸವರಿದರು. ಹತ್ತೊಂಬತ್ತು ವರ್ಷ ನಾನು ನೋಡಿದ ಕರಪತ್ರದ ಸಾಲುಗಳ ನಡುವೆ ಬೇರೆ ಸಾಲುಗಳ ನೆರಳು ಮೂಡಿತು.

“ತೆಳಗ ಇನ್ನೊಂದದ,” ಎಂದರು. “ಯಾವುದೋ ಪುಸ್ತಕದ ದೊಡ್ಡ ಹಾಳಿ. ಮ್ಯಾಲಿಂದು ಹಚ್ಚಿದಾಕಿ ಹುಣಸಿಬೀಜದ ಅಂಟಿನ ಸರಿ ದಪ್ಪಗ ಬಳ್ದಾಳ.”

“ಎರಡೂ ಉಳಿಯಂಗಿಲ್ಲೇನ್ರಿ?”

“ಒಣಾ ಬಿಡಿಸಿದರ ಮ್ಯಾಲಿಂದು ಉಳೀತದ. ತೆಳಗಿನ ಅಕ್ಷರ ಅದರ ಬೆನ್ನಿಗಿ ಹತ್ತಿ ಕಿತ್ತು ಬರ್ತಾವ. ನೆನಸಿ ಬಿಡಿಸಿದರ ತೆಳಗಿಂದು ಉಳೀತದ, ಮ್ಯಾಲಿಂದು ಅಂಬಲಿ ಆಗ್ತದ.”

“ನೀವೇನಂತೀರಿ?”

“ನಾ ಏನೂ ಅನ್ನಂಗಿಲ್ಲ. ತಂದಾಕಿ ನೀ.”

ಇದು ಬಿಡಿಸುಮನೆಯ ಕಟ್ಟಳೆ. ಇಲ್ಲಿ ಅದಕ್ಕೆ ಬಾಯಿಕಟ್ಟು ಎನ್ನುತ್ತಾರೆ. ಹಿಂದೊಬ್ಬ ಉಸ್ತಾದ್ ತನಗೆ ಒಪ್ಪಿತವಾದ ಮಾತಿನ ಹಾಳೆಗಳನ್ನೆಲ್ಲ ಉಳಿಸಿ, ಒಪ್ಪದವನ್ನೆಲ್ಲ ನೆನೆಸಿಬಿಟ್ಟನಂತೆ. ಅಂದಿನಿಂದ ಕಾಗದ ತಂದವರು ತೀರ್ಮಾನ ಹೇಳುವ ತನಕ ಉಸ್ತಾದ್ ಆ ಕಾಗದದ ಬಗ್ಗೆ ಬಾಯಿ ಬಿಡುವಂತಿಲ್ಲ. ಬದಲಿಗೆ ಯೋಚಿಸಲು ಸಮಯ ಕೊಡುತ್ತಾರೆ: ಒಂದು ಜೋಳದ ರೊಟ್ಟಿ, ಪುಂಡಿಪಲ್ಲೆ. ತಟ್ಟೆ ಹಿಡಿದುಕೊಂಡು ಒಳಗಿನ ಕೋಣೆಗಳಲ್ಲಿ ಅಡ್ಡಾಡುತ್ತ ತಿನ್ನಬಹುದು. ರೊಟ್ಟಿ ಮುಗಿದ ಮೇಲೆ ತೀರ್ಮಾನ ಹೇಳಿದರೆ ಸಾಕು.

“ಉಂಡು, ಒಳಗ ಒಂದು ಸುತ್ತ ಅಡ್ಡಾಡಿ ಬಾ ಬೇಟಾ,” ಎಂದು ತಾಹೇರಾಬಾಯಿ ತಟ್ಟೆ ಮುಂದಿಟ್ಟರು.

“ಹೊಟ್ಟಿ ತುಂಬಿಸ್ಕೊಳ್ಳಾಕ ಬಂದಿಲ್ರಿ,” ಎಂದೆ. “ಮ್ಯಾಲಿಂದೇ ಉಳೀಬೇಕು.”

“ರೊಟ್ಟಿ ಮುರಿ ಮೊದಲ.”

“ಬ್ಯಾಡ್ರಿ. ನನಗ ಸಂಶಯ ಇಲ್ಲ.”

ರತ್ನಾ, ನಿಜವಾಗಿಯೂ ಇರಲಿಲ್ಲ. ಪುಸ್ತಕದ ಹಾಳೆ ಎಂದರೆ ಕತೆಯೋ ಏನೋ ಇರಬೇಕು, ಕತೆ ಹೊತ್ತು ಹೋಗದವರಿಗೆ ಎಂದುಕೊಂಡೆ. ಕರಪತ್ರ ಎಲ್ಲರ ಪರವಾಗಿ ಕೇಳುತ್ತದೆ. ಐದು ಸಾವಿರದಲ್ಲಿ ಉಳಿದದ್ದು ಇದೊಂದೇ ಎಂದು ನನಗೆ ನಾನೇ ಯಾವಾಗಲೋ ಹೇಳಿಕೊಂಡು ನಂಬಿದ್ದೆ. ತಾಹೇರಾಬಾಯಿ ಬಿದಿರಿನ ತೆಳು ಚಾಕು ತೆಗೆದರು. ಕರಪತ್ರ ಒಂದು ತುಂಡೂ ಹರಿಯದೆ ಎದ್ದು ಬಂತು. ಅಷ್ಟು ಚೆಂದ ಬಿಡಿಸಿದ್ದನ್ನು ನಾನು ಆಮೇಲೂ ನೋಡಿಲ್ಲ. ಅದರ ಬೆನ್ನಿಗೆ ಕೆಳಗಿನ ಅಕ್ಷರಗಳು ಹತ್ತಿ ಬಂದು, ಒಣಗಿದ ಸರಿಯ ಜೊತೆ ಉದುರಿ ಅವರ ಮಡಿಲಲ್ಲಿ ಬಿದ್ದವು. ತಗಡಿನ ಮೇಲೆ ಬೋಳು ಕಾಗದ ಉಳಿಯಿತು.

ಒಂದು ಮೂಲೆ ಬಿಟ್ಟು. ಆ ಮೂಲೆಗೆ ನೀನು ಸರಿ ಹಚ್ಚಿರಲಿಲ್ಲ. ಊಟದ ಗಂಟೆ ಬಾರಿಸಿತೋ, ಸರಿ ತೀರಿತೋ. ಅಲ್ಲಿ ಹೀಗಿತ್ತು:

‘ತಾರಕ್ಕ ಉರಿಯುವ ಒಲೆಗೆ ಕೊಡದ ನೀರು ಸುರಿದಳು. ಇವತ್ತಿನಿಂದ ಈ ಮನೆಯಲ್ಲಿ ನನ್ನ ಕೈಯಿಂದ ಒಲೆ ಹೊತ್ತುವುದಿಲ್ಲ ಎಂದಳು. ಮಾವನವರು ನಗುತ್ತಲೇ ಬಾಗಿಲಿಗೆ ಬಂದರು. ಅವರ ಕೈಯಲ್ಲಿ’

ಅಷ್ಟೇ. ತಾಹೇರಾಬಾಯಿ ಅದನ್ನು ಮೂರು ಸಲ ಓದಿದರು. ಮಡಿಲನ್ನು ಕೊಡವದೆ ಹಾಗೇ ಹಿಡಿದುಕೊಂಡು ಎದ್ದು, ಉದುರಿದ್ದನ್ನು ಒಂದು ಬಟ್ಟಲಿಗೆ ಸುರಿದು, ಹೊರಗೆ ಬಿಸಿಲಿಗೆ ಹೋಗಿ ನಿಂತರು. ನಮ್ಮಲ್ಲಿ ಆ ಹೊತ್ತಿನ ಬಿಸಿಲಿಗೆ ಯಾರೂ ಹೋಗುವುದಿಲ್ಲ. ನಾನು ಹಿಂದೆಯೇ ಹೋದೆ. ಈಗ ಬಾಯಿಕಟ್ಟು ಮುಗಿದಿತ್ತು.

“ಹುಡುಗಿ ಇದ್ದಾಗ ಈ ಮನಿಗಿ ಬಂದೀನಿ,” ಎಂದರು. “ರೇಟಿನ ಪಟ್ಟಿ ಬಿಡಿಸೀನಿ, ಮದುವಿ ಪತ್ರ ಬಿಡಿಸೀನಿ. ಒಂದೇ ಒಂದು ಕತಿ ಕೊನಿ ತನಕ ಸಿಕ್ಕಿಲ್ಲ. ಇದು ಇಡೀ ಹಾಳಿ ಇತ್ತು.”

“ಮತ್ತ ಒಂದು ಮಾತು ಅನ್ನಬಾರದಿತ್ತೇನ್ರಿ?”

“ಉಣ್ಣು ಅಂದೆ. ಅಡ್ಡಾಡು ಅಂದೆ. ಅದಕ್ಕಿಂತ ಹೆಚ್ಚಿಗಿ ಅನ್ನಾಕ ನನಗ ಬರಂಗಿಲ್ಲ.”

ಆಮೇಲೆ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ದಾರದ ಮೇಲೆ ಹಾಳೆಗಳು ಒಣಗುತ್ತಿದ್ದವು. ಅವುಗಳ ನಡುವೆ, ಒಂದರ ಪಕ್ಕ ಒಂದು, ನನ್ನ ಕರಪತ್ರ. ಒಂದು ಗೋಡೆಯಿಂದ ಬಂದದ್ದು, ಒಂದು ಹಿಟ್ಟಿನ ಡಬ್ಬಿಯದು, ಒಂದು ಯಾವುದೋ ಬಾಗಿಲಿನದು. ಎಲ್ಲದರ ಮೇಲೂ ಅದೇ ‘ಊ’. ಎಲ್ಲದರ ಕೆಳಗೂ ಐದು ಸಾವಿರ ಪ್ರತಿಗಳೆಂಬ ಅದೇ ಸಾಲು. ರೊಟ್ಟಿ ಹಿಡಿದುಕೊಂಡು ಆ ಹೊಸ್ತಿಲು ದಾಟಿದ್ದರೆ ಕಣ್ಣಿಗೆ ಬೀಳುವ ಮೊದಲ ದಾರವೇ ಅದು.

ಉಪ್ಪಿನ ಗೋದಾಮಿಗೆ ಹೋಗುತ್ತೇನೆಂದು ಮುಚ್ಚಳ ಎತ್ತಿಕೊಂಡೆ. “ಮುಚ್ಚಳ ಇಲ್ಲೇ ಇಡು,” ಎಂದರು. “ನೀನೂ ಇರು. ಓಣಿಗಿ ಓದೋದು ಬಾಕಿ ಅದ.”

ಬಿಡಿಸಿದ್ದನ್ನು ಮರುದಿನ ನಸುಕಿನಲ್ಲಿ ಓಣಿಯವರಿಗೆ ಓದಿ ಹೇಳುವುದು ಕೈಗಲಿಕೆಯವರ ಮೊದಲ ಕೆಲಸ. ನಾನು ಕರಪತ್ರ ಓದಿದೆ. ಜನ ಮರ್ಯಾದೆಯಿಂದ ಕೇಳಿದರು, ಅವರಿಗದು ಬಾಯಿಪಾಠವಾಗಿತ್ತು. ತಾಹೇರಾಬಾಯಿ ಮೊಳಕೈಯಿಂದ ತಿವಿದರು. ಮೂಲೆಯನ್ನೂ ಓದಿದೆ. ‘ಅವರ ಕೈಯಲ್ಲಿ’ ಎಂದು ನಿಲ್ಲಿಸಿದೆ.

“ಮುಂದ ಓದು,” ಎಂದಳು ಸೊಪ್ಪು ಮಾರುವವಳು.

“ಮುಂದ ಇಲ್ಲರಿ.”

“ಇಲ್ಲಂದ್ರ? ಮಾವನ ಕೈಯಾಗ ಏನಿತ್ತು?”

“ಬಡಿಗಿ ಇದ್ದಿರಬೇಕು,” ಎಂದ ನೀರು ಹೊರುವವನು.

“ಬಡಿಗಿ ಹಿಡ್ಕೊಂಡು ಯಾರರೆ ನಗ್ತಾರೇನು?” ಎಂದಳು ಸೊಪ್ಪಿನವಳು. “ಬೆಂಕಿಪೆಟಗಿ ಇರ್ತದ. ತಾನೇ ಒಲಿ ಹಚ್ತಾನ.”

“ನಿನ್ನ ಮಾವ ಹಚ್ಚಿದ್ದನೇನು ಒಮ್ಮೆರೆ?”

“ಅದಕ್ಕೇ ಕೇಳಾಕತ್ತೀನಿ,” ಎಂದಳು ಸೊಪ್ಪಿನವಳು. ಓಣಿಯಲ್ಲಿ ಯಾರೂ ನಗಲಿಲ್ಲ.

ಬಿಸಿಲೇರುವ ತನಕ ಅವರು ಚದುರಲಿಲ್ಲ. ಗಂಡಂದಿರು ಒಂದು ಕಡೆ, ಹೆಂಡತಿಯರು ಒಂದು ಕಡೆ. ಆ ದಿನ ಓಣಿಯ ಎರಡು ಮನೆಗಳಲ್ಲಿ ಒಲೆ ಹೊತ್ತಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಇಷ್ಟು ವರ್ಷ ಊರಿನಲ್ಲಿ ಗಂಟಲು ಹರಿದುಕೊಂಡು ಓದಿದ ಯಾವ ಬೇಡಿಕೆಗೂ ಯಾರ ಮನೆಯ ಒಲೆಯೂ ಆರಿರಲಿಲ್ಲ.

ಈಗ ದಿನಾ ನಸುಕಿಗೆ ಅವರು ಬರುತ್ತಾರೆ. ಕೊತ್ತಂಬರಿ ಕಟ್ಟು ಎಸೆದು, “ಸಿಕ್ತೇನವ್ವ?” ಎಂದು ಕೇಳುತ್ತಾರೆ. ತಾಹೇರಾಬಾಯಿ ಕೇಳುವುದಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಆ ಬಟ್ಟಲನ್ನು ಮುಂದಿಟ್ಟುಕೊಂಡು, ಉದುರಿದ ಚೂರುಗಳನ್ನು ಸೂಜಿಯಿಂದ ಆಚೆ ಈಚೆ ಸರಿಸುತ್ತ ಕೂರುತ್ತಾರೆ. ನಿನ್ನೆ ಒಂದು ‘ಳು’ ಮತ್ತು ಒಂದು ‘ಮ’ ಸಿಕ್ಕವು. ಅವು ಯಾವ ಮಾತಿಗೆ ಸೇರಿದವೆಂದು ಹೇಳಲಾಗದು. ನಾನು ಹತ್ತಿರ ಹೋದರೆ ಸರಿದು ಜಾಗ ಕೊಡುತ್ತಾರೆ. ಅವರು ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ, ರತ್ನಾ. ಹಾಸ್ಟೆಲಿನಲ್ಲಿ, ಕೈಗೆ ಸಿಕ್ಕ ಹಾಳೆಯನ್ನು ಓದದೆ ಅಂಟಿಸುವ ಹುಡುಗಿ ನೀನಲ್ಲ ಎಂದು ನನ್ನ ನಂಬಿಕೆ. ಟ್ರಂಕಿನ ಮುಚ್ಚಳ ತೆರೆದಾಗಲೆಲ್ಲ ಆ ಕತೆ ನಿನ್ನ ಮುಖಕ್ಕೆ ಇದಿರಾಗಿತ್ತು. ಆಮೇಲೆ ಅದರ ಮೇಲೆ ಬೇಡಿಕೆಯ ಹಾಳೆ ಹಚ್ಚಿದೆ. ನಿನಗೂ ಆ ವಯಸ್ಸಿನಲ್ಲಿ ಕಿವಿ ಬಿಸಿಯಾಗಿರಬೇಕು. ನಾನು ನಿನ್ನನ್ನು ಬೈಯುವ ಹಾಗಿಲ್ಲ. ಒಂದನ್ನಷ್ಟೇ ಕೇಳುತ್ತೇನೆ. ಮಾವನ ಕೈಯಲ್ಲಿ ಏನಿತ್ತು, ತಾರಕ್ಕ ಆಮೇಲೆ ಏನು ಮಾಡಿದಳು, ಅದನ್ನು ಪೆನ್ನಿನಲ್ಲಾದರೂ ಸರಿ, ಪೆನ್ಸಿಲಿನಲ್ಲಾದರೂ ಸರಿ, ನೆನಪಿದ್ದಷ್ಟು ಬರೆದು ಅಂಟಿಸು. ಟ್ರಂಕಿನ ತಳಕ್ಕೆ ಬೇಡ, ಅದು ತೂತಾಗುತ್ತದೆ. ಗೋಡೆಗೆ, ಕಪಾಟಿಗೆ, ಗೆಳತಿಯರ ಟ್ರಂಕಿಗೆ, ಎಲ್ಲಿಗಾದರೂ. ಅಂಚಿಗಷ್ಟೇ ಸರಿ ಹಚ್ಚು. ನಡುವೆ ಒಣಗಿರಲಿ.

ಈ ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ತಾಹೇರಾಬಾಯಿಗೆ ಗೊತ್ತು, ನನಗೂ ಗೊತ್ತು. ಆದರೂ ನಿನ್ನ ಮುಚ್ಚಳದ ಒಳಗೆ, ಆ ಮೂಲೆಯ ಸಾಲುಗಳ ಪಕ್ಕದಲ್ಲಿ, ಅಂಚಿಗೆ ಮಾತ್ರ ಸರಿ ಹಚ್ಚಿ ಇದನ್ನು ಅಂಟಿಸುತ್ತೇನೆ. ಈ ಸಲ ರೊಟ್ಟಿ ತಿಂದ ಮೇಲೆ.

ನಿನ್ನ
ಜಗದೇವಿ
ಕೈಗಲಿಕೆಯವಳು, ಬಿಡಿಸುಮನೆ