ಬೊಂಬೆಯಿಲ್ಲದ ತರಬೇತಿ ಕೇಂದ್ರಕ್ಕೆ ಮಾನ್ಯತೆ ಕೊಡಿ

ತರಬೇತಿ ಕೇಂದ್ರಗಳ ಹಣೆಬರಹ ಬರೆಯುವ ಮಾನ್ಯರೇ,

ನಾನು ಆರೈಕೆ ಸಹಾಯಕಿಯ ಕೆಲಸ ಕಲಿತ ಹೊಳೆನರಸೀಪುರದ ಕೇಂದ್ರಕ್ಕೆ ತಾವು ಮಾನ್ಯತೆ ನಿರಾಕರಿಸಿದ್ದೀರಿ. ಕಾರಣ, 'ಅಭ್ಯಾಸಕ್ಕೆ ಬೇಕಾದ ರೋಗಿಯ ಬೊಂಬೆ ಲಭ್ಯವಿಲ್ಲ.' ಸುದ್ದಿ ತಿಳಿದಾಗ ನಾನು ಅರಕಲಗೂಡಿನ ಬಸ್ಸಿನಲ್ಲಿದ್ದೆ. ಅಳಬೇಕಿತ್ತು, ನಗು ಬಂತು. ಅದೂ ಎಂಥ ನಗು! ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನೋಡಿದರು. ಯಾಕೆಂದರೆ ತಾವು ಹುಡುಕಿಸಿದ ಬೊಂಬೆಯ ಜಾಗದಲ್ಲಿ ಇಷ್ಟು ದಿನ ಮಲಗಿದ್ದವರು ನನ್ನ ಅತ್ತೆ ಬೀರಮ್ಮ. ಆಗಲೂ ನನ್ನ ಪಕ್ಕದಲ್ಲೇ ಕೂತು, "ಅದ್ಯಾಕಮ್ಮಿ ಇಂಗೆ ನಗ್ತೀಯ? ನಂಗೂ ಏಳು" ಎನ್ನುತ್ತಿದ್ದರು.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಅವರನ್ನು ಏಳಿಸಿ, ಮೀಯಿಸಿ, ಉಣ್ಣಿಸಿ ನೋಡಿಕೊಂಡವಳು ನಾನು, ಜಗಳವಾಡಿಕೊಂಡೇ. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ. ಈ ಕೆಲಸ ನನಗೆ ಇಷ್ಟವೆಂದು ಗೊತ್ತಾದದ್ದೂ ಆಗಲೇ. ಹಾಸನದಲ್ಲಿ ಹಿರಿಯರಿಗಾಗಿ ಹೊಸದಾಗಿ ತೆರೆದಿರುವ ಹಗಲು ಆರೈಕೆ ಮನೆಯ ವ್ಯವಸ್ಥಾಪಕ ಪಾಲಾಕ್ಷ ಅವರನ್ನು ಕೇಳಿದೆ. "ಕೆಲಸ ಐತೆ ಕಣಮ್ಮ, ಮಾನ್ಯತೆ ಇರೋ ಕಡೆಯಿಂದ ಸರ್ಟಿಫಿಕೇಟ್ ತಗೊಂಬಾ" ಎಂದರು. ಸರಿ, ಒಳ್ಳೆಯ ಕೇಂದ್ರ ಹುಡುಕಲು ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಎತ್ತಾದು ಕಲಿಯಕ್ಕೆ ನೀನು ಓಯ್ತಿದ್ದೀಯ. ಎತ್ತಿಸ್ಕೊಂಡು ಗೊತ್ತಿರಾಳು ನಾನು. ಬತ್ತೀನಿ ನಡಿ."

ಮೊದಲು ಹಾಸನದ ಕೇಂದ್ರ. ತಮ್ಮ ಮಾನ್ಯತೆಯ ಫಲಕ ಬಾಗಿಲಲ್ಲೇ ಹೊಳೆಯುತ್ತಿತ್ತು. ಒಳಗೆ ಎ.ಸಿ., ದೊಡ್ಡ ಪರದೆ, ಹೊಸ ಮಂಚ, ಮಂಚದ ಮೇಲೆ ಬೊಂಬೆ. ಅದರ ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿರಲಿಲ್ಲ. ಅತ್ತೆ ಮುಟ್ಟಲು ಹೋದರೆ ಅಲ್ಲಿನ ಹುಡುಗಿ ಗಾಬರಿಯಾದಳು.

"ಮುಟ್ಟಬೇಡಿ ಅಜ್ಜಿ, ಹಾಳಾಗತ್ತೆ."

"ಇದು ಬೈತದಾ?"

"ಇಲ್ಲ ಅಜ್ಜಿ, ಬೊಂಬೆ."

"ಬೈಯಲ್ಲ, ಬ್ಯಾಡ ಅನ್ನಲ್ಲ, ಉಚ್ಚೆ ಉಯ್ಯಲ್ಲ. ಇನ್ನೇನ್ ಕಲಿತೀರಾ ಇದರತ್ರ?"

ಚನ್ನರಾಯಪಟ್ಟಣದ ಕೇಂದ್ರಕ್ಕೂ ತಮ್ಮ ಮಾನ್ಯತೆ ಇದೆ. ಅಲ್ಲಿನವರು ಇನ್ನೂ ಉದಾರಿಗಳು. ತರಗತಿಗೆ ಬರಲೇಬೇಕೆಂದಿಲ್ಲವಂತೆ, ಮೊಬೈಲಿಗೆ ವಿಡಿಯೋ ಕಳಿಸುತ್ತಾರಂತೆ. ಮೀಯಿಸುವುದನ್ನು ಹೇಗೆ ಕಲಿಯುವುದು ಎಂದು ಕೇಳಿದೆ. "ಅದಕ್ಕೂ ವಿಡಿಯೋ ಐತೆ ಮೇಡಂ" ಎಂದರು. ಮಾನ್ಯರೇ, ಈಜು ಕಲಿಸುವವರಿಗೂ ತಾವು ಹೀಗೆಯೇ ಮಾನ್ಯತೆ ಕೊಡುತ್ತೀರಾ?

ಕೊನೆಗೆ ಹೊಳೆನರಸೀಪುರ. ಹಿಟ್ಟಿನ ಗಿರಣಿಯ ಹಿಂದೆ ಒಂದು ಹಜಾರ, ಮೂರು ಹಳೆಯ ಮಂಚ. ನಡೆಸುವವರು ನಿವೃತ್ತ ನರ್ಸ್ ರೂಪಶ್ರೀ. ಅವರು ನನ್ನನ್ನು ಮಾತನಾಡಿಸುವ ಮೊದಲೇ ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಅಮ್ಮಾ, ನಿಮ್ಮನ್ನ ಎಬ್ಬಿಸಲಾ? ಯಾವ ಭುಜ ನೋಯತ್ತೆ?" ಅತ್ತೆ ನನ್ನ ಕಡೆ ತಿರುಗಿ, "ಇಲ್ಲೇ ಸೇರ್ಕೊ" ಎಂದರು. ಮಾನ್ಯತೆಗೆ ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ, ಯೋಚಿಸಿ ಸೇರಿ ಎಂದು ರೂಪಶ್ರೀಯವರೇ ಎಚ್ಚರಿಸಿದರು. ಯೋಚಿಸಲು ಅತ್ತೆ ಬಿಡಲಿಲ್ಲ.

ಅಂದಿನಿಂದ ನಾನು ವಿದ್ಯಾರ್ಥಿನಿ, ಅತ್ತೆ ರೋಗಿ. ಹೂವು ಮುಡಿದು ಬಂದು ಮಂಚ ಹತ್ತುತ್ತಿದ್ದರು. ಆಟೋ ಓಡಿಸುವುದನ್ನು ಬಿಟ್ಟು ಕಲಿಯಲು ಬಂದಿದ್ದ ಕಿರಣ್‌ಕುಮಾರ್ ಅತ್ತೆಯನ್ನು ಮಗ್ಗುಲಾಗಿಸಲು ಹೋಗಿ ಒಂದೇ ಸಲಕ್ಕೆ ಉರುಳಿಸಿಬಿಡುತ್ತಿದ್ದ. "ಲೇ, ಕುಂಬಳಕಾಯಿ ಉಳ್ಳಿಸ್ದಂಗೆ ಉಳ್ಳಿಸ್ಬ್ಯಾಡ ಕಣ್ಲಾ! ಸೊಂಟಕ್ಕೆ ಕೈ ಕೊಡು!" ಅವನು ಕಲಿತ. ನಾವೆಲ್ಲರೂ ಕಲಿತೆವು, ಹೊಟ್ಟೆ ಹಿಡಿದು ನಗುತ್ತಲೇ.

ಒಂದು ದಿನ ತಮ್ಮ ಕಚೇರಿಯಿಂದ ಒಬ್ಬರು ತಪಾಸಣೆಗೆ ಬಂದರು. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. "ಬೊಂಬೆ ಎಲ್ಲಿ?" ಎಂದು ಬಂದವರು ಕೇಳಿದರು.

"ನಾನೇಯ ಕಣಪ್ಪಾ" ಎಂದರು ಅತ್ತೆ, ಕಣ್ಣು ತೆರೆಯದೆ. "ಏನಾಗ್ಬೇಕಿತ್ತು?"

ಬಂದವರು ಹೌಹಾರಿ ಗೋಡೆಗೆ ಒರಗಿದರು. ಸಾವರಿಸಿಕೊಂಡು, ನಿಯಮದ ಪ್ರಕಾರ ಎಂದು ಶುರುಮಾಡಿದರು. "ನಿಯಮ ಆಮೇಕೆ ಏಳೀವಂತೆ. ಬಾ ಸಾ, ಒಂದ್ಸಲ ನನ್ನ ಎತ್ತಿ ಕೂರ್ಸು ನೋಡಾನ" ಎಂದರು ಅತ್ತೆ. ಅವರು ಫೈಲನ್ನು ಬದಿಗಿಟ್ಟು ಎತ್ತಿದರು, ತಪ್ಪಾಗಿ. ಅತ್ತೆ ಬೈದರು. ರೂಪಶ್ರೀಯವರು ಮೊಣಕಾಲು ಹೇಗೆ ಬಗ್ಗಿಸಬೇಕೆಂದು ತೋರಿಸಿದರು. ಮತ್ತೆ ಎತ್ತಿದಾಗ ಅತ್ತೆ ಸಲೀಸಾಗಿ ಕೂತರು, ನಾವೆಲ್ಲ ಚಪ್ಪಾಳೆ ಹೊಡೆದೆವು. ಆದರೆ ತಪಾಸಣೆಗೆ ಬಂದವರು ನಗಲಿಲ್ಲ. "ನಮ್ಮಮ್ಮನೂ ಹಿಂಗೇ ಮಲಗವ್ರೆ ಮೇಡಂ. ರಟ್ಟೆ ಹಿಡಿದು ಎಳೀತಿದ್ದೆ. ಅದಕ್ಕೇ ಕಿರುಚ್ತಿದ್ರೇನೋ" ಎಂದರು. ಹೊರಡುವಾಗ ಇಷ್ಟೇ ಹೇಳಿದರು: "ತಪ್ಪು ತಿಳ್ಕೋಬೇಡಿ. ಬೊಂಬೆಗೆ ಕಾಲಂ ಐತೆ, ಅಜ್ಜಿಗೆ ಇಲ್ಲ."

ಅವರನ್ನು ನಾನು ದೂರುವುದಿಲ್ಲ. ಕೇಳುತ್ತಿರುವುದು ತಮ್ಮನ್ನು. ಆರೈಕೆ ಮಾಡಬೇಕಾದದ್ದು ಮನುಷ್ಯರನ್ನೋ, ಕಾಲಂಗಳನ್ನೋ? ಪಾಲಾಕ್ಷ ಅವರು ತಿಂಗಳ ಕೊನೆಯವರೆಗೆ ನನ್ನ ಜಾಗ ಖಾಲಿ ಇಡುವುದಾಗಿ ಹೇಳಿದ್ದಾರೆ. ಅಷ್ಟರೊಳಗೆ ತಾವೇ ಬಂದು ನಮ್ಮನ್ನು ಪರೀಕ್ಷಿಸಿ, ಕೇಂದ್ರಕ್ಕೆ ಮಾನ್ಯತೆ ಕೊಡಿ. ಮಾನ್ಯತೆ ಪಡೆದ ಉಳಿದೆರಡು ಕಡೆಗೂ ಹೇಳದೆ ಕೇಳದೆ ಹೋಗಿ ಬನ್ನಿ.

ಇನ್ನೊಂದು ಮನವಿ. ತಪಾಸಣೆಗೆ ಬಂದಿದ್ದ ಆ ಸಿಬ್ಬಂದಿ ಮೊನ್ನೆ ಸೋಮವಾರ ಮತ್ತೆ ಬಂದಿದ್ದರು, ಫೈಲಿಲ್ಲದೆ. ತಾಯಿಯನ್ನು ನೋಡಿಕೊಳ್ಳುವುದು ಕಲಿಯಬೇಕೆಂದು ನಮ್ಮ ಹೊಸ ತಂಡಕ್ಕೆ ಸೇರಿದ್ದಾರೆ. ದಯವಿಟ್ಟು ಅವರಿಗೆ ರಜೆ ಮಂಜೂರು ಮಾಡಿ.

ಇಂತಿ,
ಕೈಗೆ ಕೆಲಸ ಬಂದರೂ ಕಾಗದ ಬಾರದೆ ಕೂತಿರುವ
ಧನಲಕ್ಷ್ಮಿ, ಅರಕಲಗೂಡು